ವಿಂಡೋ ಹಿಗ್ಗಿದರೆ ಆ ಜಾಗ ಯಾರಿಗೆ?

ಪ್ರಶ್ನೆ: ಪೊನ್ನಂಪೇಟೆ ಹತ್ತಿರ ನಮ್ಮದೊಂದು ಕಾಫಿ ತೋಟ ಇದೆ. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಮತ್ತು ಕುಯ್ಲಿನ ತೂಕ ಬರೆದಿಡಲು ವಿಬಿ ಡಾಟ್ ನೆಟ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳ ಪರದೆ ಮಾಡುವ ಸಾಧನ) ನಾನೇ ಒಂದು ಪ್ರೋಗ್ರಾಂ ಮಾಡಿಕೊಂಡಿದ್ದೇನೆ. ನನ್ನ ಲ್ಯಾಪ್‌ಟಾಪ್‌ನ 1920×1080 ಸ್ಕ್ರೀನಿನಲ್ಲಿ ಎಲ್ಲ ಸರಿಯಾಗಿದೆ. ತೋಟದ ಆಫೀಸಿನ ಹಳೇ ಕಂಪ್ಯೂಟರ್‌ನ ಸ್ಕ್ರೀನ್ 1366×768. ಅಲ್ಲಿ ಸೇವ್ ಬಟನ್ನೇ ಕಾಣುವುದಿಲ್ಲ. ಅದಕ್ಕೆ ವಿಂಡೋ ಅಳತೆ ಬದಲಾದಾಗ ಬರುವ ರೀಸೈಜ್ ಇವೆಂಟ್‌ನಲ್ಲಿ ಬಟನ್, ಬಾಕ್ಸ್‌ನಂಥ ಎಲ್ಲ ಕಂಟ್ರೋಲ್‌ಗಳನ್ನೂ ವಿಂಡೋ ಅಳತೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ಕೋಡ್ ಬರೆದೆ. ಈಗ ಸ್ಕ್ರೀನ್ ಮಿಣಮಿಣ ಅನ್ನುತ್ತದೆ. ಮಿನಿಮೈಸ್ ಮಾಡಿ ತೆರೆದರೆ ಓವರ್‌ಫ್ಲೋ ಎರರ್ ಬರುತ್ತದೆ. ಕನ್ನಡ ಲೇಬಲ್‌ಗಳು ಅರ್ಧ ಕತ್ತರಿಸಿಹೋಗುತ್ತವೆ. ಏನು ಮಾಡಲಿ?

ಉತ್ತರ: ಮೊದಲು ಆ ರೀಸೈಜ್ ಕೋಡ್ ಅನ್ನು ಪೂರ್ತಿ ತೆಗೆದುಹಾಕಿ. ಕಷ್ಟಪಟ್ಟು ಬರೆದಿದ್ದೀರಿ, ಗೊತ್ತು. ಆದರೆ ನಿಮ್ಮ ಮೂರು ತೊಂದರೆಗಳಿಗೂ ಬೇರು ಅಲ್ಲೇ ಇದೆ. ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಕೋಡ್ ಮಾಡುವುದು ಇಷ್ಟೇ ಅಲ್ವಾ? ಹೊಸ ಅಗಲವನ್ನು ಹಳೇ ಅಗಲದಿಂದ ಭಾಗಿಸುತ್ತದೆ. ಬಂದ ಸಂಖ್ಯೆಯಿಂದ ಎಲ್ಲ ಕಂಟ್ರೋಲ್‌ಗಳ ಅಗಲ, ಎತ್ತರ, ಜಾಗವನ್ನು ಗುಣಿಸುತ್ತದೆ. ವಿಂಡೋವನ್ನು ಮಿನಿಮೈಸ್ ಮಾಡಿದಾಗಲೂ ರೀಸೈಜ್ ಇವೆಂಟ್ ಬರುತ್ತದೆ, ಆಗ ಫಾರ್ಮಿನ ಒಳಗಿನ ಅಳತೆ ಸೊನ್ನೆ. ಎಲ್ಲವೂ ಸೊನ್ನೆಯಿಂದ ಗುಣಿಸಲ್ಪಟ್ಟು ಸೊನ್ನೆಯಾಗಿ ಕೂರುತ್ತವೆ. ಮತ್ತೆ ತೆರೆದಾಗ ಹಳೇ ಅಗಲ ಸೊನ್ನೆ, ಅದರಿಂದ ಭಾಗಿಸುತ್ತೀರಿ. ದಶಾಂಶ ಸಂಖ್ಯೆಗಳಲ್ಲಿ ಸೊನ್ನೆಯಿಂದ ಭಾಗಿಸಿದರೆ ವಿಬಿ ಡಾಟ್ ನೆಟ್ ತಕ್ಷಣ ಎರರ್ ಕೊಡುವುದಿಲ್ಲ, ಅನಂತ ಅನ್ನುವ ಬೆಲೆ ಕೊಡುತ್ತದೆ. ಅದನ್ನು ಪೂರ್ಣಾಂಕ ಮಾಡಲು ಹೋದಾಗ ಓವರ್‌ಫ್ಲೋ. ನಿಮ್ಮ ಎರರ್ ಇದೇ.

ಮಿನಿಮೈಸ್ ಆದಾಗ ಏನೂ ಮಾಡಬೇಡ ಅಂತ ಒಂದು ಷರತ್ತು ಹಾಕಿದರೆ ಈ ಎರರ್ ಹೋಗುತ್ತದೆ, ನಿಜ. ಆದರೆ ಇನ್ನೊಂದು ಕಾಯಿಲೆ ಉಳಿಯುತ್ತದೆ. ವಿಂಡೋದ ಅಂಚು ಹಿಡಿದು ಒಮ್ಮೆ ಎಳೆದರೆ ರೀಸೈಜ್ ಇವೆಂಟ್ ಹತ್ತಾರು ಸಲ ಬರುತ್ತದೆ. ಪ್ರತಿ ಸಲವೂ ದಶಾಂಶವನ್ನು ಪೂರ್ಣಾಂಕ ಮಾಡುವಾಗ ಅರ್ಧ, ಕಾಲು ಪಿಕ್ಸೆಲ್ ಉದುರುತ್ತದೆ. ಎಳೆದು ಮತ್ತೆ ಹಳೇ ಅಳತೆಗೆ ತಂದು ನೋಡಿ. ಕಂಟ್ರೋಲ್‌ಗಳು ಹಳೇ ಜಾಗದಲ್ಲಿ ಇರುವುದಿಲ್ಲ.

ಇದೆಲ್ಲ ತಿದ್ದಿದರೂ ನಾನು ಆ ಕೋಡ್ ಬೇಡ ಅನ್ನುತ್ತೇನೆ, ಯಾಕೆಂದರೆ ಅದರ ಹಿಂದಿನ ಯೋಚನೆಯೇ ತಪ್ಪು. 1920ರಿಂದ 1366ಕ್ಕೆ ಇಳಿದರೆ ಅಳತೆ ಸುಮಾರು 0.71 ಪಾಲಾಗುತ್ತದೆ. ಬಾಕ್ಸ್ ಅಷ್ಟು ಕುಗ್ಗಿತು, ಒಳಗಿನ ಅಕ್ಷರ 9 ಪಾಯಿಂಟ್‌ನಲ್ಲೇ ಇತ್ತು ಅಂದರೆ ಅಕ್ಷರ ಕತ್ತರಿಸುತ್ತದೆ. ಅಕ್ಷರವನ್ನೂ ಕುಗ್ಗಿಸಿದರೆ 6.4 ಪಾಯಿಂಟ್ ಆಗುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ ತೂಕ ಬರೆಯುವ ನಿಮ್ಮ ರೈಟರ್ (ತೋಟದ ಗುಮಾಸ್ತ) ಅದನ್ನು ಓದಲಾರರು. ದೊಡ್ಡ ಮಾನಿಟರ್‌ನಲ್ಲಿ ಉಲ್ಟಾ. ಬಟನ್‌ಗಳು ಹಲಗೆಯಷ್ಟು ಅಗಲ ಆಗುತ್ತವೆ, ಆದರೆ ಗ್ರಿಡ್‌ನಲ್ಲಿ (ಸಾಲು-ಕಾಲಮ್‌ಗಳ ಪಟ್ಟಿ) ಕಾಣುವ ಸಾಲುಗಳು ಮೊದಲಿನಷ್ಟೇ. ದೊಡ್ಡ ಮಾನಿಟರ್ ತರುವವರು ಜಾಸ್ತಿ ಸಾಲು ನೋಡಲು ತರುತ್ತಾರೆ. ಅಕ್ಷರವೇ ದೊಡ್ಡದು ಬೇಕಾದರೆ ವಿಂಡೋಸ್‌ನಲ್ಲಿ ಅದಕ್ಕೆ ಬೇರೆ ಸೆಟ್ಟಿಂಗ್ ಇದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವಿಂಡೋ ಹಿಗ್ಗಿದಾಗ ಸಿಗುವ ಹೊಸ ಜಾಗ ಯಾರಿಗೆ ಬೇಕು? ಒಂದು ಹಾಳೆಯಲ್ಲಿ ನಿಮ್ಮ ಫಾರ್ಮ್ ಬರೆದು, ಪ್ರತಿ ಕಂಟ್ರೋಲ್ ಪಕ್ಕದಲ್ಲಿ ಉತ್ತರ ಬರೆಯಿರಿ. ತಾರೀಖಿನ ಬಾಕ್ಸಿಗೆ ಬೇಡ, ತಾರೀಖು ಯಾವತ್ತೂ ಅಷ್ಟೇ ಉದ್ದ. ಸೇವ್ ಬಟನ್‌ಗೆ ಬೇಡ. ಕೆಲಸದ ವಿವರ ಬರೆಯುವ ಬಾಕ್ಸಿಗೆ ಅಡ್ಡಕ್ಕೆ ಸ್ವಲ್ಪ ಬೇಕು. ಚೆಕ್‌ರೋಲ್ ಗ್ರಿಡ್‌ಗೆ ಅಡ್ಡಕ್ಕೂ ಬೇಕು, ಉದ್ದಕ್ಕೂ ಬೇಕು. ಹೆಚ್ಚಿನ ಫಾರ್ಮ್‌ಗಳಲ್ಲಿ ಜಾಗ ಕೇಳುವ ಕಂಟ್ರೋಲ್ ಒಂದೋ ಎರಡೋ ಇರುತ್ತದೆ. 768ರ ಬದಲು 1080 ಎತ್ತರ ಸಿಕ್ಕರೆ 312 ಪಿಕ್ಸೆಲ್ ಹೆಚ್ಚು. ಅದನ್ನು ಪೂರ್ತಿ ಗ್ರಿಡ್‌ಗೆ ಕೊಟ್ಟರೆ, ಸಾಲಿಗೆ 24 ಪಿಕ್ಸೆಲ್ ಲೆಕ್ಕದಲ್ಲಿ 13 ಆಳುಗಳ ಹೆಸರು ಹೆಚ್ಚು ಕಾಣುತ್ತದೆ. ದೊಡ್ಡ ಸ್ಕ್ರೀನಿನ ಲಾಭ ಅಂದರೆ ಇದು.

ಈ ಹಾಳೆ ಕೈಯಲ್ಲಿದ್ದರೆ ಜಾಗ ಹಂಚುವ ಕೆಲಸಕ್ಕೆ ಒಂದು ಸಾಲು ಕೋಡ್ ಕೂಡ ಬೇಡ. ವಿಬಿ 6ರ ಕಾಲದಲ್ಲಿ ಬೇಕಿತ್ತು. ಅದು 1998ರಲ್ಲಿ ಬಂದದ್ದು, ಅಳತೆಗೆ ಪಿಕ್ಸೆಲ್ ಬದಲು ಟ್ವಿಪ್ ಇತ್ತು, ಇಂಚಿಗೆ 1440. ರೀಸೈಜ್‌ನಲ್ಲಿ ಎಲ್ಲವನ್ನೂ ಕೈಯಾರೆ ಸರಿಸಬೇಕಿತ್ತು. ನಾನೂ ಪುಟಗಟ್ಟಲೆ ಬರೆದಿದ್ದೇನೆ. ವಿಂಡೋಸ್ ಫಾರ್ಮ್ಸ್ ಬಂದಾಗ ಅದರ ಜೊತೆಗೇ ಆ್ಯಂಕರ್ ಮತ್ತು ಡಾಕ್ ಬಂದವು, 2005ರಲ್ಲಿ ಡಾಟ್ ನೆಟ್ 2.0 ಜೊತೆ ಟೇಬಲ್ ಲೇಔಟ್ ಪ್ಯಾನೆಲ್ (ಕಂಟ್ರೋಲ್‌ಗಳನ್ನು ಸಾಲು-ಕಾಲಮ್‌ಗಳಲ್ಲಿ ಕೂರಿಸುವುದು) ಮತ್ತು ಫ್ಲೋ ಲೇಔಟ್ ಪ್ಯಾನೆಲ್ (ಒಂದರ ಪಕ್ಕ ಒಂದು ಸಾಲಾಗಿ ಇಡುವುದು) ಸೇರಿದವು. ನಿಮಗೆ ಈ ನಾಲ್ಕೇ ಸಾಕು.

ಆ್ಯಂಕರ್ ಅಂದರೆ ಅಂಚಿಗೆ ಹಗ್ಗ ಕಟ್ಟಿದ ಹಾಗೆ. ಆ ಹಗ್ಗದ ಉದ್ದ ಬದಲಾಗುವುದಿಲ್ಲ. ಏನೂ ಹೇಳದಿದ್ದರೆ ಮೇಲಿನ ಮತ್ತು ಎಡಗಡೆಯ ಅಂಚಿಗೆ ಕಟ್ಟಿರುತ್ತದೆ. ಸೇವ್ ಬಟನ್ ಅನ್ನು ಕೆಳಗೆ ಮತ್ತು ಬಲಕ್ಕೆ ಕಟ್ಟಿ, ಅದು ಯಾವಾಗಲೂ ಬಲಗಡೆಯ ಕೆಳಮೂಲೆಯಲ್ಲೇ ಇರುತ್ತದೆ. ಗ್ರಿಡ್ ಅನ್ನು ನಾಲ್ಕೂ ಕಡೆ ಕಟ್ಟಿ. ಎದುರುಬದುರು ಎರಡು ಹಗ್ಗ ಇದ್ದಾಗ ಕಂಟ್ರೋಲ್ ಹಿಗ್ಗಲೇಬೇಕು, ಬೇರೆ ದಾರಿ ಇಲ್ಲ. ಕಣದಲ್ಲಿ ಕಾಫಿ ಮೇಲೆ ಹಾಕುವ ಟಾರ್ಪಾಲನ್ನು ನಾಲ್ಕು ಮೂಲೆಯಿಂದ ಎಳೆದ ಹಾಗೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, "ಗ್ರಿಡ್‌ಗೆ ನಾಲ್ಕೂ ಕಡೆ ಕೊಟ್ಟೆ, ಆದರೂ ಹಿಗ್ಗಲ್ಲ" ಅನ್ನುವುದು. ಗ್ರಿಡ್ ಒಂದು ಗ್ರೂಪ್ ಬಾಕ್ಸ್ ಒಳಗಿದ್ದರೆ ಹಗ್ಗ ಕಟ್ಟಿರುವುದು ಆ ಬಾಕ್ಸಿಗೆ, ಫಾರ್ಮಿಗೆ ಅಲ್ಲ. ಬಾಕ್ಸೇ ಹಿಗ್ಗದಿದ್ದರೆ ಒಳಗಿನದು ಎಲ್ಲಿ ಹಿಗ್ಗುತ್ತದೆ? ಹೊರಗಿನಿಂದ ಒಳಕ್ಕೆ ಒಂದೊಂದೇ ನೋಡುತ್ತ ಬನ್ನಿ. ಇನ್ನೊಂದು, ಅಕ್ಕಪಕ್ಕದ ಎರಡು ಬಾಕ್ಸುಗಳಿಗೂ ಎಡ ಮತ್ತು ಬಲ ಎರಡೂ ಕೊಡುವುದು. ವಿಂಡೋ 200 ಪಿಕ್ಸೆಲ್ ಹಿಗ್ಗಿದರೆ ಎರಡೂ 200 ಹಿಗ್ಗಿ ಒಂದರ ಮೇಲೆ ಒಂದು ಏರುತ್ತವೆ. ಜಾಗ ಹಂಚಿಕೊಳ್ಳುವುದು ಆ್ಯಂಕರ್‌ಗೆ ಗೊತ್ತಿಲ್ಲ. ಅಲ್ಲಿ ಟೇಬಲ್ ಲೇಔಟ್ ಪ್ಯಾನೆಲ್ ಇಟ್ಟು ಎರಡು ಕಾಲಮ್‌ಗಳಿಗೆ 50 ಶೇಕಡಾ ಕೊಡಿ.

ಡಾಕ್ ಅಂದರೆ ಅಂಚಿಗೆ ಪೂರ್ತಿ ಅಂಟಿಕೊಳ್ಳುವುದು. ನಿಮ್ಮ ಫಾರ್ಮಿಗೆ ನಾನಾಗಿದ್ದರೆ ಮೇಲೆ ಒಂದು ಪ್ಯಾನೆಲ್ ಟಾಪ್, ಕೆಳಗೆ ಬಟನ್‌ಗಳ ಪ್ಯಾನೆಲ್ ಬಾಟಮ್, ನಡುವೆ ಗ್ರಿಡ್ ಫಿಲ್ ಕೊಡುತ್ತಿದ್ದೆ. ಸೇವ್ ಬಟನ್ ಕಾಣದ ನಿಮ್ಮ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ, ಯಾಕೆಂದರೆ ಜಾಗ ಕಮ್ಮಿಯಾದಾಗ ಕುಗ್ಗುವುದು ಗ್ರಿಡ್ ಮಾತ್ರ. ಗ್ರಿಡ್ಡಿನ ತಲೆಯ ಸಾಲು ಮೇಲಿನ ಪ್ಯಾನೆಲ್ ಕೆಳಗೆ ಅಡಗಿ ಕೂತರೆ ಗಾಬರಿಯಾಗಬೇಡಿ. ಗ್ರಿಡ್ ಮೇಲೆ ರೈಟ್ ಕ್ಲಿಕ್ ಮಾಡಿ ಬ್ರಿಂಗ್ ಟು ಫ್ರಂಟ್ ಒತ್ತಿ. ಹಿಂದಿರುವ ಕಂಟ್ರೋಲ್‌ಗಳಿಗೆ ಮೊದಲು ಜಾಗ ಸಿಗುತ್ತದೆ, ಮುಂದಿರುವುದಕ್ಕೆ ಕೊನೆಗೆ. ಫಿಲ್ ಆಗಿರುವುದು ಕೊನೆಗೆ ಉಳಿದದ್ದನ್ನು ತೆಗೆದುಕೊಳ್ಳಬೇಕು.

ಈಗ ಚೆಕ್‌ರೋಲ್ ಗ್ರಿಡ್‌ಗೆ ಬರೋಣ. ನಿಜವಾದ ಕೆಲಸ ಇರುವುದು ಇಲ್ಲಿ.

ಕುಯ್ಲಿನ ತಿಂಗಳು ಅಂದರೆ 31 ದಿನದ ಕಾಲಮ್. ಗ್ರಿಡ್‌ನ ಪ್ರತಿ ಮನೆಯಲ್ಲಿ "112.5" ಅಂತ ಕಿಲೋ ಬರಬೇಕು, ಅದಕ್ಕೆ ಸುಮಾರು 44 ಪಿಕ್ಸೆಲ್ ಬೇಕು ಅಂತಿಟ್ಟುಕೊಳ್ಳಿ. 31 ಸಲ 44 ಅಂದರೆ 1364. ಆಫೀಸಿನ ಸ್ಕ್ರೀನ್ ಪೂರ್ತಿ ದಿನಗಳಿಗೇ ಹೋಯಿತು. ಹೆಸರಿಗೆ 180, ಒಟ್ಟು ಕಾಲಮ್‌ಗೆ 80, ಸ್ಕ್ರೋಲ್ ಪಟ್ಟಿಗೆ 17 ಸೇರಿಸಿದರೆ 1641. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಿಡಿಸುತ್ತದೆ, ಅಲ್ಲಿ ಹಿಡಿಸುವುದಿಲ್ಲ. ಯಾವ ಆ್ಯಂಕರ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಇಲ್ಲಿ ಕಾಲಮ್‌ಗಳ ಆಟೋಸೈಜ್ ಮೋಡ್‌ಗೆ ಫಿಲ್ ಕೊಟ್ಟು ಎಲ್ಲವನ್ನೂ ತುರುಕುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಫಿಲ್ ಕಾಲಮ್‌ನ ಕನಿಷ್ಠ ಅಗಲ ತಾನಾಗಿ 5 ಪಿಕ್ಸೆಲ್ ಇರುತ್ತದೆ, ಅಂದರೆ ಅದು ಅಷ್ಟರವರೆಗೂ ಕುಗ್ಗುತ್ತದೆ. "112.5" ಇದ್ದದ್ದು "11…" ಆಗುತ್ತದೆ. ಹೆಸರು ಅರ್ಧ ಕಂಡರೆ ಯಾರು ಅಂತ ಊಹಿಸಬಹುದು. ತೂಕ ಅರ್ಧ ಕಂಡರೆ ಅದು ಆಳಿನ ಕೂಲಿ. ಅದನ್ನು ಊಹೆಗೆ ಬಿಡಬಾರದು.

ನನಗೆ ಇದು ಗೊತ್ತಾದದ್ದು ಒಂದು ತೋಟಕ್ಕೆ ಮಾಡಿಕೊಟ್ಟ ಪ್ರೋಗ್ರಾಂನಿಂದ. ಗ್ರಿಡ್‌ನ ಕೊನೆಯ ಕಾಲಮ್ ಮುಂಗಡ. ನೋಡಲು ಚೆನ್ನಾಗಿರಲಿ ಅಂತ ಅಡ್ಡ ಸ್ಕ್ರೋಲ್ ಪಟ್ಟಿಯನ್ನು ನಾನು ತೆಗೆದುಬಿಟ್ಟಿದ್ದೆ. ಅವರ ಸಣ್ಣ ಸ್ಕ್ರೀನಿನಲ್ಲಿ ಮುಂಗಡ ಕಾಲಮ್ ಬಲಗಡೆ ಆಚೆ ಬಿತ್ತು. ಅಲ್ಲೊಂದು ಕಾಲಮ್ ಇದೆ ಅಂತ ರೈಟರ್‌ಗೆ ತಿಳಿಯುವ ದಾರಿಯೇ ಇರಲಿಲ್ಲ. ಆ ವಾರದ ಬಟವಾಡೆಯಲ್ಲಿ ಮುಂಗಡ ಮುರಿದುಕೊಳ್ಳದೆ ಹಣ ಹೋಯಿತು. ಮುಂದಿನ ವಾರ ಎರಡು ವಾರದ್ದು ಸೇರಿಸಿ ಮುರಿದಾಗ ಆಳುಗಳ ಲೈನ್ ಮನೆಗಳಲ್ಲಿ ಎಷ್ಟು ಬೇಜಾರಾಯಿತು ಅಂತ ನಾನೇ ಹೋಗಿ ನೋಡಿದ್ದೇನೆ. ಅವತ್ತಿನಿಂದ ನಾನು ಸ್ಕ್ರೋಲ್ ಪಟ್ಟಿ ಮುಚ್ಚಿಲ್ಲ.

ಹಾಗಾದರೆ ಮಾಡುವುದೇನು? ಹೆಸರಿನ ಕಾಲಮ್ ಫ್ರೋಜನ್ ಮಾಡಿ, ಸ್ಕ್ರೋಲ್ ಮಾಡಿದರೂ ಅದು ಎಡಗಡೆ ನಿಲ್ಲುತ್ತದೆ. ಒಟ್ಟು ಕಾಲಮ್ ಅನ್ನು ಬಲಕೊನೆಯಿಂದ ತಂದು ಹೆಸರಿನ ಪಕ್ಕದಲ್ಲೇ ಇಟ್ಟು ಅದನ್ನೂ ಫ್ರೋಜನ್ ಮಾಡಿ. ಕಾಗದದ ಚೆಕ್‌ರೋಲ್‌ನಲ್ಲಿ ಒಟ್ಟು ಕೊನೆಗೆ ಬರುತ್ತದೆ ಅಂತ ರೈಟರ್ ಮೊದಲು ಗೊಣಗಬಹುದು, ಒಂದು ವಾರದಲ್ಲಿ ಒಗ್ಗಿಹೋಗುತ್ತದೆ. ಫ್ರೋಜನ್ ಕಾಲಮ್‌ಗೆ ಫಿಲ್ ಕೊಡಲು ಬರುವುದಿಲ್ಲ, ಕೊಟ್ಟರೆ ಎರರ್ ಬರುತ್ತದೆ. ಆದ್ದರಿಂದ ಇವೆರಡಕ್ಕೂ ಅಗಲ ನೀವೇ ಕೊಡಿ. ಎಡಗಡೆ ಬಾಣದ ಗುರುತಿನ ಬೂದು ಪಟ್ಟಿ ಇದೆಯಲ್ಲ, ಅದನ್ನು ತೆಗೆದರೆ ಇನ್ನೊಂದು 40 ಪಿಕ್ಸೆಲ್ ಉಳಿಯುತ್ತದೆ. ಇಷ್ಟಾದರೆ ಆಫೀಸಿನ ಸ್ಕ್ರೀನಿನಲ್ಲಿ ಒಮ್ಮೆಗೆ 24 ದಿನ ಕಾಣುತ್ತದೆ.

ಉಳಿದ ಏಳು ದಿನಕ್ಕೆ ಒಂದು ಉಪಾಯ ಇದೆ. ರೈಟರ್ ಬರೆಯುವುದು ಇವತ್ತಿನ ತೂಕ. ಫಾರ್ಮ್ ತೆರೆದ ಕೂಡಲೇ ಇವತ್ತಿನ ಕಾಲಮ್ ಕಣ್ಣೆದುರು ಇರುವ ಹಾಗೆ ಗ್ರಿಡ್ ತಾನೇ ಸ್ಕ್ರೋಲ್ ಆಗಲಿ. ಫಸ್ಟ್ ಡಿಸ್‌ಪ್ಲೇಯ್ಡ್ ಸ್ಕ್ರೋಲಿಂಗ್ ಕಾಲಮ್ ಇಂಡೆಕ್ಸ್ ಅನ್ನುವ ಪ್ರಾಪರ್ಟಿ ಇದೆ. ಹೆಸರು ಉದ್ದ, ಕೆಲಸಕ್ಕೆ ಒಂದೇ ಸಾಲು ಸಾಕು. ಇದನ್ನು ಮಾಡಿದ ಮೇಲೆ 28ನೇ ತಾರೀಖು ಯಾರೂ ಸ್ಕ್ರೋಲ್ ಪಟ್ಟಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆ 44 ಅನ್ನುವ ಅಗಲವನ್ನೂ ಸಂಖ್ಯೆಯಾಗಿ ಬರೆದಿಡಬೇಡಿ. ಗ್ರಿಡ್‌ನ ಫಾಂಟ್‌ನಲ್ಲಿ "888.8" ಅಂತ ಬರೆದರೆ ಎಷ್ಟು ಅಗಲ ಬರುತ್ತದೆ ಅಂತ ಟೆಕ್ಸ್ಟ್ ರೆಂಡರರ್‌ನ ಮೆಷರ್ ಟೆಕ್ಸ್ಟ್‌ನಿಂದ ಅಳೆದು, ಅದಕ್ಕೆ ಸ್ವಲ್ಪ ಅಂಚು ಸೇರಿಸಿ. ಫಾಂಟ್ ಬದಲಾಗಲಿ, ಸ್ಕೇಲಿಂಗ್ ಬದಲಾಗಲಿ, ಕಾಲಮ್ ಸರಿಯಾಗಿಯೇ ಇರುತ್ತದೆ. ಆದರೆ ಆಲ್ ಸೆಲ್ಸ್ ಅನ್ನುವ ಆಟೋಸೈಜ್ ಕೊಡಬೇಡಿ. 150 ಆಳು, 31 ದಿನ ಅಂದರೆ 4650 ಮನೆಗಳನ್ನು ಅದು ಅಳೆಯುತ್ತ ಕೂರುತ್ತದೆ.

ಕನ್ನಡ ಲೇಬಲ್ ಕತ್ತರಿಸುವ ವಿಷಯ ನನಗೆ ತುಂಬ ಮುಖ್ಯ. ಇಂಗ್ಲಿಷ್‌ಗೆ ಅಂತ ಎಳೆದ ಲೇಬಲ್‌ನ ಎತ್ತರ 13 ಪಿಕ್ಸೆಲ್ ಇರುತ್ತದೆ. ಕನ್ನಡಕ್ಕೆ ಅದು ಸಾಲದು, ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ನಿಮ್ಮ ಫಾರ್ಮ್‌ನಲ್ಲಿ "ಮೇಸ್ತ್ರಿ" ಅಂತ ಒಂದು ಲೇಬಲ್ ಖಂಡಿತ ಇರುತ್ತದೆ. ಕೆಳಗಿನ ನಾಲ್ಕು ಪಿಕ್ಸೆಲ್ ಕತ್ತರಿಸಿದರೆ ಒತ್ತುಗಳು ಹೋಗಿ "ಮೇಸಿ" ಉಳಿಯುತ್ತದೆ. "ಒಟ್ಟು" ಹೋಗಿ "ಒಟು", "ಕುಟ್ಟ" ಹೋಗಿ "ಕುಟ". ಇಂಗ್ಲಿಷ್‌ನಲ್ಲಿ ಬಾಲ ಕತ್ತರಿಸಿದರೂ ಅಕ್ಷರ ಯಾವುದು ಅಂತ ತಿಳಿಯುತ್ತದೆ. ಕನ್ನಡದಲ್ಲಿ ಪದವೇ ಬದಲಾಗುತ್ತದೆ.

ಅದಕ್ಕೆ ಲೇಬಲ್‌ಗಳಿಗೆಲ್ಲ ಆಟೋಸೈಜ್ ಹೌದು ಅಂತ ಇಡಿ. ಲೇಬಲ್ ಮತ್ತು ಬಾಕ್ಸ್ ಜೋಡಿಗಳನ್ನು ಟೇಬಲ್ ಲೇಔಟ್ ಪ್ಯಾನೆಲ್‌ನಲ್ಲಿ ಕೂರಿಸಿ. ಲೇಬಲ್ ಕಾಲಮ್‌ಗೆ ಆಟೋಸೈಜ್, ಬಾಕ್ಸ್ ಕಾಲಮ್‌ಗೆ 100 ಶೇಕಡಾ, ಸಾಲುಗಳಿಗೂ ಆಟೋಸೈಜ್. ಎಲ್ಲಕ್ಕಿಂತ ಉದ್ದದ ಲೇಬಲ್ ಎಷ್ಟು ಕೇಳುತ್ತದೋ ಅಷ್ಟು ಅಗಲ ತಾನಾಗಿ ಸಿಗುತ್ತದೆ, ಉಳಿದದ್ದು ಬಾಕ್ಸಿಗೆ. ನಾಳೆ ಭಾಷೆ ಬದಲಿಸಿದರೂ ಕೈ ಹಾಕಬೇಕಾಗಿಲ್ಲ. ಬಟನ್‌ಗಳಿಗೂ ಆಟೋಸೈಜ್ ಕೊಟ್ಟು ಫ್ಲೋ ಲೇಔಟ್ ಪ್ಯಾನೆಲ್‌ನಲ್ಲಿ ಬಲದಿಂದ ಎಡಕ್ಕೆ ಸಾಲಾಗಿ ಇಡಿ. "ಉಳಿಸಿ" ಸಣ್ಣದು, "ಬಟವಾಡೆ ಪಟ್ಟಿ ಮುದ್ರಿಸಿ" ಉದ್ದ. ಒಂದು ಹಿಗ್ಗಿದರೆ ಪಕ್ಕದ್ದು ತಾನೇ ಸರಿದು ಜಾಗ ಬಿಡುತ್ತದೆ.

ಗ್ರಿಡ್ ಸಾಲಿನ ಎತ್ತರವನ್ನೂ ಫಾಂಟ್‌ನ ಎತ್ತರದಿಂದಲೇ ಲೆಕ್ಕ ಹಾಕಿ, ಮೇಲೆ ಎಂಟು ಪಿಕ್ಸೆಲ್ ಸೇರಿಸಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಕಾಣುವುದು ಬಹುಶಃ ನಿರ್ಮಲಾ ಯುಐ ಫಾಂಟ್‌ನಲ್ಲಿ. ಅದು ವಿಂಡೋಸ್ 8ರ ಜೊತೆ ಬಂತು. ಆಫೀಸಿನ ಕಂಪ್ಯೂಟರ್ ವಿಂಡೋಸ್ 7 ಆಗಿದ್ದರೆ ಅಲ್ಲಿ ತುಂಗಾ ಇರುತ್ತದೆ. ಎರಡರ ಎತ್ತರ ಒಂದೇ ಅಲ್ಲ.

ಇನ್ನು ಸ್ಕೇಲಿಂಗ್. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 100, 125, 150 ಶೇಕಡಾ ಅಂತ ಇರುತ್ತದೆ. ಕಣ್ಣಿಗೆ ಕಷ್ಟ ಅಂತ ಯಾರಾದರೂ ಆಫೀಸಿನಲ್ಲಿ 125 ಇಟ್ಟರೆ 1366×768ರ ಸ್ಕ್ರೀನ್ ನಿಮ್ಮ ಫಾರ್ಮಿನ ಪಾಲಿಗೆ 1093×614 ಆಗಿಬಿಡುತ್ತದೆ. ಟಾಸ್ಕ್‌ಬಾರ್‌ಗೆ 40 ಕಳೆದರೆ ಎತ್ತರ 574. ನೀವು ಲೆಕ್ಕ ಹಾಕಬೇಕಾದದ್ದು ಈ ಅಳತೆಗೆ. ಆದ್ದರಿಂದ ಫಾರ್ಮಿನ ಮಿನಿಮಮ್ ಸೈಜ್ 1000×560ಕ್ಕಿಂತ ಜಾಸ್ತಿ ಇಡಬೇಡಿ. ಮೇಲಿನ ವಿವರಗಳ ಪ್ಯಾನೆಲ್‌ಗೆ ಆಟೋಸ್ಕ್ರೋಲ್ ಕೊಟ್ಟಿರಿ, ಜಾಗ ಸಾಲದಿದ್ದರೆ ಸ್ಕ್ರೋಲ್ ಪಟ್ಟಿಯಾದರೂ ಬರಲಿ.

ಅಕ್ಷರದ ಅಳತೆಗೆ ತಕ್ಕಂತೆ ಫಾರ್ಮ್ ಹಿಗ್ಗಿ ಕುಗ್ಗುವ ಹಾಗೆ ಅದರ ಆಟೋಸ್ಕೇಲ್ ಮೋಡ್ ಫಾಂಟ್ ಅಂತಲೇ ಇರಲಿ. ನೀವು ಡಿಸೈನ್ ಮಾಡುವಾಗ ಲ್ಯಾಪ್‌ಟಾಪ್ ಯಾವಾಗಲೂ 100 ಶೇಕಡಾದಲ್ಲಿ ಇರಲಿ. ಇವತ್ತು 125ರಲ್ಲಿ, ನಾಳೆ 100ರಲ್ಲಿ ಕೂತು ಎಳೆದರೆ ವಿಷುಯಲ್ ಸ್ಟುಡಿಯೋ ಒಳಗಿನ ಅಳತೆಗಳನ್ನೇ ತಿದ್ದಿ ಬರೆಯುತ್ತದೆ. ಅಕ್ಷರಗಳು ಮಂಜು ಮಂಜಾಗಿ ಕಂಡರೆ, ನಿಮ್ಮ ಪ್ರೋಗ್ರಾಂಗೆ ಸ್ಕೇಲಿಂಗ್ ಗೊತ್ತಿಲ್ಲ ಅಂತ ವಿಂಡೋಸ್ ಅದರ ಚಿತ್ರವನ್ನೇ ಹಿಗ್ಗಿಸಿ ತೋರಿಸುತ್ತಿದೆ ಅಂತ ಅರ್ಥ. ಡಾಟ್ ನೆಟ್ ಫ್ರೇಮ್‌ವರ್ಕ್ 4.7ರಿಂದ ಆಪ್ ಕಾನ್ಫಿಗ್ ಫೈಲಿನಲ್ಲಿ, ಹೊಸ ಡಾಟ್ ನೆಟ್‌ನಲ್ಲಿ ಸೆಟ್ ಹೈ ಡಿಪಿಐ ಮೋಡ್‌ನಿಂದ ಇದನ್ನು ಹೇಳಬಹುದು. ಹೊಸ ಡಾಟ್ ನೆಟ್‌ಗೆ ಹೋಗುವಾಗ ಒಂದು ಗಮನದಲ್ಲಿರಲಿ: ಡಾಟ್ ನೆಟ್ ಕೋರ್ 3.0ರಿಂದ ಫಾರ್ಮ್‌ಗಳ ಮಾಮೂಲಿ ಫಾಂಟ್ 8.25 ಪಾಯಿಂಟ್‌ನ ಮೈಕ್ರೋಸಾಫ್ಟ್ ಸ್ಯಾನ್ಸ್ ಸೆರಿಫ್ ಹೋಗಿ 9 ಪಾಯಿಂಟ್‌ನ ಸೀಗೋ ಯುಐ ಆಯಿತು. ಏನೂ ಮುಟ್ಟದೆ ಫಾರ್ಮ್ ದೊಡ್ಡದಾಗಿ ಕಂಡರೆ ಕಾರಣ ಇದು.

ಮಿಣಮಿಣ ಅನ್ನುವುದು ಹೆಚ್ಚುಕಮ್ಮಿ ನಿಮ್ಮ ಗುಣಿಸುವ ಕೋಡ್ ಜೊತೆಗೇ ಹೋಗುತ್ತದೆ. ಒಂದೊಂದು ಕಂಟ್ರೋಲ್ ಸರಿಸಿದಾಗಲೂ ಫಾರ್ಮ್ ಮತ್ತೆ ಬರೆದುಕೊಳ್ಳುತ್ತಿತ್ತು. ಗ್ರಿಡ್ ಮಾತ್ರ ಇನ್ನೂ ಮಿಣುಕಿದರೆ ಡೇಟಾ ಗ್ರಿಡ್ ವ್ಯೂನಿಂದ ಒಂದು ಸಣ್ಣ ಕ್ಲಾಸ್ ಮಾಡಿ ಅದರೊಳಗೆ ಡಬಲ್ ಬಫರ್ಡ್ (ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಬರೆದು ಒಮ್ಮೆಗೇ ತೋರಿಸುವುದು) ಹೌದು ಅಂತ ಇಡಿ. ಫಾರ್ಮಿಗೆ ಕೊಟ್ಟ ಡಬಲ್ ಬಫರ್ಡ್ ಒಳಗಿನ ಗ್ರಿಡ್‌ಗೆ ಹೋಗುವುದಿಲ್ಲ. ಅಳತೆ ಬದಲಾದಾಗ ಗ್ರಾಫ್‌ನಂಥ ಭಾರದ ಕೆಲಸ ಇದ್ದರೆ ರೀಸೈಜ್ ಎಂಡ್‌ನಲ್ಲಿ ಮಾಡಿ ಅಂತ ಹೇಳುವವರಿದ್ದಾರೆ. ಅದು ಅಂಚು ಎಳೆದು ಬಿಟ್ಟಾಗ ಬರುತ್ತದೆ, ಮ್ಯಾಕ್ಸಿಮೈಸ್ ಒತ್ತಿದಾಗ ಬರುವುದಿಲ್ಲ. ಒಂದು ಟೈಮರ್ ಇಟ್ಟು, ಅಳತೆ ಬದಲಾಗುವುದು ನಿಂತು 200 ಮಿಲಿಸೆಕೆಂಡ್ ಆದ ಮೇಲೆ ಮಾಡುವುದು ವಾಸಿ.

ವಿಂಡೋದ ಜಾಗವನ್ನು ನೆನಪಿಟ್ಟು ಮುಂದಿನ ಸಲ ಅಲ್ಲೇ ತೆರೆಯುವುದಾದರೆ, ಮ್ಯಾಕ್ಸಿಮೈಸ್ ಅಥವಾ ಮಿನಿಮೈಸ್ ಆಗಿರುವಾಗ, ವಿಂಡೋದ ಮಾಮೂಲಿ ಅಳತೆ ಇಟ್ಟುಕೊಂಡಿರುವ ರಿಸ್ಟೋರ್ ಬೌಂಡ್ಸ್‌ನಿಂದ ಅಳತೆ ತೆಗೆದುಕೊಳ್ಳಿ. ತೆರೆಯುವ ಮೊದಲು ಆ ಜಾಗ ಈಗಿರುವ ಯಾವುದಾದರೂ ಸ್ಕ್ರೀನಿನ ಒಳಗಿದೆಯಾ ಅಂತ ನೋಡಿ. ಲ್ಯಾಪ್‌ಟಾಪ್‌ಗೆ ಟಿವಿ ಜೋಡಿಸಿ ಲೆಕ್ಕ ತೋರಿಸಿ, ಆಮೇಲೆ ಕೇಬಲ್ ಕಿತ್ತರೆ ನಿಮ್ಮ ಫಾರ್ಮ್ ಇಲ್ಲದ ಸ್ಕ್ರೀನಿನಲ್ಲಿ ತೆರೆದುಕೊಂಡಿರುತ್ತದೆ.

ತೂಕ ಹಾಕುವ ಜಾಗದಲ್ಲೇ ಫೋನಿನಲ್ಲಿ ಬರೆಯಬೇಕು ಅಂತ ಮುಂದೆ ಅನ್ನಿಸಬಹುದು. ಆಗ ಈ ಫಾರ್ಮನ್ನೇ ಕುಗ್ಗಿಸಲು ಹೋಗಬೇಡಿ. ಒಂದು ಹೆಸರು, ಒಂದು ತೂಕದ ಬಾಕ್ಸ್, ಒಂದು ದೊಡ್ಡ ಬಟನ್ ಇರುವ ಬೇರೆ ಪುಟ ಮಾಡಿ. ಒದ್ದೆ ಕೈಯಲ್ಲಿ ನಿಂತುಕೊಂಡು ಬರೆಯುವವರಿಗೆ 31 ಕಾಲಮ್ ಯಾಕೆ?

ಎಲ್ಲ ಮುಗಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಅನ್ನೇ 1366×768ಕ್ಕೆ ಇಳಿಸಿ, ಸ್ಕೇಲಿಂಗ್ 125 ಮಾಡಿ, ಲಾಗ್ ಆಫ್ ಆಗಿ ಮತ್ತೆ ಬನ್ನಿ. ಪ್ರೋಗ್ರಾಂ ತೆರೆಯಿರಿ. ವಿಂಡೋ ಎಷ್ಟು ಸಣ್ಣದಾಗುತ್ತದೋ ಅಷ್ಟು ಎಳೆಯಿರಿ, ಮ್ಯಾಕ್ಸಿಮೈಸ್ ಮಾಡಿ, ಮಿನಿಮೈಸ್ ಮಾಡಿ ತೆರೆಯಿರಿ. ಸೇವ್ ಬಟನ್ ಕಾಣುತ್ತಿದೆಯಾ, "ಮೇಸ್ತ್ರಿ" ಪೂರ್ತಿ ಓದಲು ಬರುತ್ತದೆಯಾ, ಒಂದಾದರೂ ತೂಕದಲ್ಲಿ ಮೂರು ಚುಕ್ಕೆ ಇದೆಯಾ ನೋಡಿ. ಆಮೇಲೆ ಆಫೀಸಿಗೆ ತೆಗೆದುಕೊಂಡು ಹೋಗಿ, ರೈಟರ್ ಪಕ್ಕದಲ್ಲಿ ಕೂತು ಒಂದು ದಿನದ ತೂಕ ಅವರ ಕೈಯಿಂದಲೇ ಬರೆಸಿ.